ಆರೋಗ್ಯ ಕೇಂದ್ರದಲ್ಲಾದ ತಪ್ಪುಗಳನ್ನು ಬೋರ್ಡಿನಲ್ಲಿ ಹಾಕುವುದು ಹೇಗೆ?

ಪ್ರಶ್ನೆ

ಹೊರರೋಗಿ ವಿಭಾಗ, ಲಸಿಕೆ, ಔಷಧ ವಿತರಣೆ, ಮನೆಭೇಟಿ ಎಲ್ಲವೂ ಇರುವ ಸಣ್ಣ ಆರೋಗ್ಯ ಕೇಂದ್ರ. ರೋಗಿಗಳ ಸುರಕ್ಷತೆಯ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಬಾಗಿಲ ಬಳಿಯ ಬೋರ್ಡಿನಲ್ಲಿ ಹಾಕುವುದೆಂದು ತೀರ್ಮಾನವಾಗಿದೆ. ಕರಡಿನಲ್ಲಿ ಈಗಿರುವುದು ಒಂದೇ ಸಾಲು: ‘ಈ ಅವಧಿಯಲ್ಲಿ ವರದಿಯಾದ ಘಟನೆಗಳು 14’. ಹಿಂದಿನ ಸಲ 6 ಇತ್ತು. ಓದಿದವರು ತಪ್ಪುಗಳು ಎರಡು ಪಟ್ಟು ಮೀರಿದವು ಅಂದುಕೊಳ್ಳುವುದಿಲ್ಲವೇ? ಇನ್ನೊಂದು, ಎಲ್ಲರಿಗೂ ಎಲ್ಲರ ಪರಿಚಯವಿರುವ ಕಡೆ ಹೆಸರು ಹಾಕದಿದ್ದರೂ ಯಾರಿಗೆ ಏನಾಯಿತೆಂದು ಗೊತ್ತಾಗಿಬಿಡುತ್ತದೆ. ಏನು ಹಾಕಬೇಕು, ಏನು ಬಿಡಬೇಕು?

ಉತ್ತರ 1

ಆ ಸಾಲನ್ನು ಹಾಗೇ ಹಾಕಬೇಡಿ. ಸಿಬ್ಬಂದಿ ಎಷ್ಟರ ಮಟ್ಟಿಗೆ ಅಂಜದೆ ಹೇಳುತ್ತಿದ್ದಾರೆ ಎಂಬುದನ್ನು ವರದಿಗಳ ಸಂಖ್ಯೆ ತೋರಿಸುತ್ತದೆಯೇ ಹೊರತು ರೋಗಿಗಳಿಗೆ ಎಷ್ಟು ಹಾನಿಯಾಯಿತು ಎಂಬುದನ್ನಲ್ಲ. 14ರಲ್ಲಿ 12 ಔಷಧ ಕೌಂಟರಿನಲ್ಲೇ ಸಿಕ್ಕಿಬಿದ್ದ ತಪ್ಪು ಚೀಟಿಗಳಾಗಿದ್ದರೆ ಅದು ಒಳ್ಳೆಯ ಸುದ್ದಿ. ಈ ಸಂಖ್ಯೆಯನ್ನು ಇಳಿಸುವುದೇ ಗುರಿಯಾದರೆ ವರದಿ ಬರೆಯುವುದೇ ನಿಂತುಹೋಗುತ್ತದೆ. ಬೋರ್ಡು ಚೊಕ್ಕವಾಗಿ ಕಾಣುತ್ತದೆ, ತಪ್ಪು ಇದ್ದಲ್ಲೇ ಇರುತ್ತದೆ.

ಅದಕ್ಕೇ ಎರಡು ಸಾಲು ಮಾಡಿ: ರೋಗಿಯನ್ನು ಮುಟ್ಟುವ ಮೊದಲೇ ತಡೆದದ್ದು ಒಂದು, ರೋಗಿಯನ್ನು ಮುಟ್ಟಿದ್ದು ಇನ್ನೊಂದು. ಎರಡನೆಯದಕ್ಕೆ ಒಟ್ಟು ಎಷ್ಟರಲ್ಲಿ ಎಂಬುದು ಬೇಕೇ ಬೇಕು. 1,200 ಚುಚ್ಚುಮದ್ದಿನಲ್ಲಿ 3 ತಪ್ಪಾದರೆ ಸಾವಿರಕ್ಕೆ 2.5, ಮುಂದಿನ ಅವಧಿಯಲ್ಲಿ 2,400ರಲ್ಲಿ 4 ಆದರೆ ಸಾವಿರಕ್ಕೆ 1.7. ಬರಿಯ 3, 4 ಕಂಡವರಿಗೆ ಪರಿಸ್ಥಿತಿ ಕೆಟ್ಟಿತು ಅನ್ನಿಸುತ್ತದೆ. ಹಾಗೆಂದು 1.7ಕ್ಕೆ ಇಳಿದದ್ದನ್ನು ಸುಧಾರಣೆ ಎಂದು ಸಾರಲೂ ಬಾರದು, ಇಷ್ಟು ಸಣ್ಣ ಅಂಕಿ ಸುಮ್ಮನೆ ಮೇಲೆ ಕೆಳಗೆ ಆಗುತ್ತಲೇ ಇರುತ್ತದೆ. ತಿಂಗಳ ಅಂಕಿಗಳನ್ನು ಚುಕ್ಕಿ ಇಟ್ಟು ಸೇರಿಸಿ, ಮಧ್ಯಾಂಕದ (ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಇಟ್ಟಾಗ ನಡುವೆ ಬರುವ ಅಂಕಿಯ) ಗೆರೆ ಎಳೆಯಿರಿ. ಗೆರೆಯ ಒಂದೇ ಬದಿಗೆ ಸತತವಾಗಿ 6 ಚುಕ್ಕಿ ಬಿದ್ದರೆ ಆಗ ನಿಜವಾಗಿ ಏನೋ ಬದಲಾಗಿದೆ ಎನ್ನಬಹುದು.

ಬೋರ್ಡಿನ ಅರ್ಧ ಜಾಗವನ್ನು ‘ಏನು ಬದಲಿಸಿದೆವು’ ಎಂಬುದಕ್ಕೆ ಬಿಡಿ. ‘ಸಿಬ್ಬಂದಿಗೆ ಎಚ್ಚರಿಕೆ ನೀಡಲಾಗಿದೆ’ ಎಂದು ಬರೆದರೆ ಏನೂ ಬದಲಾಗಿಲ್ಲ ಎಂದೇ ಅರ್ಥ. ಮೆಥೊಟ್ರೆಕ್ಸೇಟ್ ಮಾತ್ರೆಯನ್ನೇ ನೋಡಿ. ಸಂಧಿವಾತಕ್ಕೆ ಅದನ್ನು ವಾರಕ್ಕೊಮ್ಮೆ ಕೊಡುತ್ತಾರೆ. ದಿನವೂ ನುಂಗಿದರೆ ಮೂಳೆಮಜ್ಜೆ ಕುಸಿದು ಜೀವಕ್ಕೇ ಅಪಾಯ. ಉಳಿದ ಮಾತ್ರೆಗಳೆಲ್ಲ ದಿನಕ್ಕೊಂದು ಇರುವಾಗ ಇದನ್ನೂ ಹಾಗೇ ಬರೆದುಬಿಡುವುದು, ಹಾಗೇ ನುಂಗುವುದು ಸುಲಭ. ಬದಲಾವಣೆ ಎಂದರೆ ಹೀಗಿರಬೇಕು: 2.5 ಮಿ.ಗ್ರಾಂ ಬಿಟ್ಟು ಬೇರೆ ಪ್ರಮಾಣದ ಮಾತ್ರೆ ದಾಸ್ತಾನಿನಲ್ಲೇ ಇಲ್ಲ, ಪೊಟ್ಟಣದ ಮೇಲೆ ವಾರದ ಯಾವ ದಿನ ಎಂದು ಬರೆಯದೆ ಕೊಡುವಂತಿಲ್ಲ, ಒಂದು ಸಲಕ್ಕೆ 4 ವಾರಕ್ಕಿಂತ ಹೆಚ್ಚಿನ ಮಾತ್ರೆ ಇಲ್ಲ, ‘ವಾರದ ಯಾವ ದಿನ ತಗೋತೀರಿ?’ ಎಂಬುದಕ್ಕೆ ರೋಗಿಯ ಬಾಯಿಂದಲೇ ಉತ್ತರ ಬರಬೇಕು.

ಉತ್ತರ 2

ಮೇಲಿನವರ ಮಾತು ಸರಿ, ಆದರೆ ಆ 3 ಮತ್ತು 4 ಬೋರ್ಡಿಗೆ ಹೋಗಬಾರದು. 5ಕ್ಕಿಂತ ಸಣ್ಣ ಅಂಕಿಯನ್ನು ‘5ಕ್ಕಿಂತ ಕಡಿಮೆ’ ಎಂದಷ್ಟೇ ಹಾಕಿ. ಇದರಲ್ಲೂ ಎರಡು ಕಡೆ ಎಡವುತ್ತಾರೆ. ಒಟ್ಟು ಮೊತ್ತ ಕೊಟ್ಟು ಒಂದೇ ಸಾಲನ್ನು ಮುಚ್ಚಿಟ್ಟರೆ ಕಳೆಯುವ ಲೆಕ್ಕದಲ್ಲಿ ಅದು ಹೊರಬೀಳುತ್ತದೆ, ಇನ್ನೊಂದು ಸಾಲನ್ನೂ ಮುಚ್ಚಬೇಕು. ಸಾವಿರಕ್ಕೆ 2.5 ಎಂದು ಬರೆದು ಪಕ್ಕದಲ್ಲೇ 1,200 ಎಂದು ಕೊಟ್ಟರೂ ಅಷ್ಟೇ, 3 ಎಂದು ಯಾರು ಬೇಕಾದರೂ ಗುಣಿಸಿಕೊಳ್ಳಬಹುದು. ಹಿಂದಿನ 12 ತಿಂಗಳನ್ನು ಒಟ್ಟುಗೂಡಿಸಿ ಹಾಕಿದರೆ ಅಂಕಿಗಳು ದೊಡ್ಡವಾಗುತ್ತವೆ. ತಿಂಗಳ ಚುಕ್ಕಿ ಚಿತ್ರ ಒಳಗಿನ ಸಭೆಗೆ ಇರಲಿ. ಘಟನೆಯ ವಿವರಣೆಯಲ್ಲಿ ವಯಸ್ಸು, ದಿನ, ಕಾಯಿಲೆ ಮೂರೂ ಒಟ್ಟಿಗೆ ಬರಬಾರದು.

ಇದೆಲ್ಲಕ್ಕಿಂತ ಮೊದಲು, ಯಾರಿಗೆ ಹಾನಿಯಾಯಿತೋ ಅವರಿಗೆ ವಿಷಯ ತಿಳಿದಿರಬೇಕು. ತಮ್ಮ ಮಗುವಿನ ಸಂಗತಿಯನ್ನು ತಾಯಿ ಬೋರ್ಡಿನಲ್ಲಿ ಓದಿ ತಿಳಿಯುವಂತಾಗಬಾರದು. ಎದುರಿಗೆ ಕೂತು ಏನಾಯಿತು, ಇನ್ನೂ ಏನು ಗೊತ್ತಾಗಿಲ್ಲ, ಮುಂದೆ ಯಾವ ತಪಾಸಣೆ, ಮತ್ತೆ ಯಾವ ದಿನ ಮಾತಾಡುತ್ತೇವೆ ಎಂಬುದನ್ನು ಹೇಳಿ, ನೇರವಾಗಿ ಕ್ಷಮೆ ಕೇಳಿ. ‘ತೊಂದರೆಯಾಗಿದ್ದರೆ ಕ್ಷಮಿಸಿ’ ಅನ್ನಬೇಡಿ. ಹೇಳಿದ್ದನ್ನೇ ಬರಹದಲ್ಲೂ ಕೊಡಿ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯಲ್ಲಿ ಗಂಭೀರ ಹಾನಿಯನ್ನು ರೋಗಿಗೆ ತಿಳಿಸುವುದು 2014ರಿಂದ ಕಾನೂನಿನ ಕರ್ತವ್ಯವೇ ಆಗಿದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಇನ್ನೊಂದು ಸಂದೇಹ. ಲಸಿಕೆಯ ಫ್ರಿಜ್ ರಾತ್ರಿ ಸೊನ್ನೆಗಿಂತ ಕೆಳಗಿಳಿದು, ವಯಲ್ (ಲಸಿಕೆಯ ಸಣ್ಣ ಸೀಸೆ) ಮೇಲಿನ ವಿವಿಎಂ ಗುರುತು, ಅಂದರೆ ಶಾಖ ತಗುಲಿದರೆ ಬಣ್ಣ ಬದಲಾಗುವ ಗುರುತು, ಸರಿಯಾಗಿಯೇ ಇದ್ದರೆ ಅದನ್ನೂ ಘಟನೆ ಎಂದು ಹಾಕಬೇಕೇ?

ಉತ್ತರ 3

ಖಂಡಿತ ಹಾಕಬೇಕು. ವಿವಿಎಂ ಶಾಖ ತಗುಲಿದ್ದನ್ನು ಮಾತ್ರ ಹೇಳುತ್ತದೆ, ಹೆಪ್ಪುಗಟ್ಟಿದ್ದನ್ನು ಹೇಳುವುದಿಲ್ಲ. ಇರಬೇಕಾದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್. ತಾಪಮಾನ ದಾಖಲಿಸುವ ಉಪಕರಣದಲ್ಲಿ ಮೈನಸ್ 0.5ಕ್ಕಿಂತ ಕೆಳಗೆ 60 ನಿಮಿಷ ಕಳೆದದ್ದಕ್ಕೆ ಎಚ್ಚರಿಕೆ ಬಂದಿದ್ದರೆ ಹೆಪಟೈಟಿಸ್ ಬಿ, ಪೆಂಟಾವೇಲೆಂಟ್, ಟೆಟನಸ್ ಲಸಿಕೆಗಳನ್ನು ತಕ್ಷಣ ಬೇರೆ ಡಬ್ಬಿಗೆ ಹಾಕಿ, ‘ಬಳಸಬೇಡಿ’ ಎಂದು ಚೀಟಿ ಅಂಟಿಸಿ 2ರಿಂದ 8ರಲ್ಲೇ ಇಡಿ. ಗಟ್ಟಿಯಾಗಿರುವುದು ಕಣ್ಣಿಗೇ ಕಂಡರೆ ಪರೀಕ್ಷೆ ಬೇಡ, ಅದನ್ನು ಕೊಡುವಂತಿಲ್ಲ. ಸಂದೇಹವಿದ್ದರೆ ಕುಲುಕು ಪರೀಕ್ಷೆ ಮಾಡಿ: ಅದೇ ತಯಾರಕರ ಅದೇ ಬ್ಯಾಚಿನ ಒಂದು ವಯಲನ್ನು ಬೇಕೆಂದೇ ಪೂರ್ತಿ ಹೆಪ್ಪುಗಟ್ಟಿಸಿ, ಕರಗಿಸಿ, ಅದನ್ನೂ ಸಂದೇಹದ ವಯಲನ್ನೂ ಒಟ್ಟಿಗೆ ಕುಲುಕಿ ಪಕ್ಕಪಕ್ಕ ಇಡಿ. ಸಂದೇಹದ್ದರ ಗಷ್ಟು ಅಷ್ಟೇ ವೇಗವಾಗಿ ಅಥವಾ ಇನ್ನೂ ಬೇಗ ತಳಕ್ಕಿಳಿದರೆ ಅದು ಕೆಟ್ಟಿದೆ. ಪುಡಿರೂಪದ ದಡಾರ, ಬಿಸಿಜಿ ಲಸಿಕೆಗಳಿಗೆ ಹೆಪ್ಪುಗಟ್ಟಿದರೆ ಹಾನಿಯಿಲ್ಲ. ಆದರೆ ಅವುಗಳ ದ್ರಾವಕ ಹೆಪ್ಪುಗಟ್ಟಬಾರದು.

ಕೆಟ್ಟ ಡೋಸ್ ಆಗಲೇ ಯಾರಿಗಾದರೂ ಹೋಗಿದೆಯೇ ಎಂಬುದು ದೊಡ್ಡ ಪ್ರಶ್ನೆ. ಮಗು ಚೆನ್ನಾಗಿಯೇ ಕಾಣುತ್ತದೆ, ಕಾರ್ಡಿನಲ್ಲಿ ಗುರುತು ಬಿದ್ದಿರುತ್ತದೆ, ರಕ್ಷಣೆ ಮಾತ್ರ ಸಿಕ್ಕಿರುವುದಿಲ್ಲ. ಫ್ರಿಜ್ ತಾಪಮಾನದ ಕೊನೆಯ ಸರಿಯಾದ ದಾಖಲೆಯ ಸಮಯದಿಂದ ಲಸಿಕೆ ತಡೆಹಿಡಿದ ಕ್ಷಣದವರೆಗೆ ಆ ಬ್ಯಾಚು ಪಡೆದವರನ್ನೆಲ್ಲ ರಿಜಿಸ್ಟರಿನಿಂದ ಪಟ್ಟಿ ಮಾಡಿ, ಮನೆಯವರಿಗೆ ತಿಳಿಸಿ, ಮತ್ತೆ ಹಾಕಬೇಕೇ ಎಂಬುದನ್ನು ಲಸಿಕಾ ಅಧಿಕಾರಿಯಿಂದ ನಿರ್ಧರಿಸಿಕೊಳ್ಳಿ. ಬೋರ್ಡಿಗೆ ಆಮೇಲೆ: ಯಾವ ಲಸಿಕೆ, ಎಷ್ಟು ಗಂಟೆ, ಎಷ್ಟು ಡೋಸ್ ತೆಗೆದುಹಾಕಿದಿರಿ, ಸಂಬಂಧಪಟ್ಟ ಮನೆಯವರಿಗೆಲ್ಲ ತಿಳಿಸಿ ಆಯಿತೇ, ಥರ್ಮೋಸ್ಟಾಟ್‌ಗೆ ಏನು ಮಾಡಿದಿರಿ.