ಅಪ್‌ಡೇಟ್: ಮೆಕ್ಕೆಜೋಳದ ಲದ್ದಿ ಹುಳಕ್ಕೆ ಶಿಲೀಂಧ್ರ ಹೊಡೆದಿದ್ದು

ಹೋದ ತಿಂಗಳು ಕೇಳಿದ್ನಲ್ಲ, ಮೆಟಾರೈಜಿಯಂ (ಹುಳಕ್ಕೆ ರೋಗ ತಂದು ಸಾಯ್ಸೋ ಶಿಲೀಂಧ್ರ) ಪುಡಿ ಹೊಡೆದ್ರೂ ಮೆಕ್ಕೆಜೋಳದ ಸುಳಿಯೊಳಗಿನ ಹುಳ (ಫಾಲ್ ಆರ್ಮಿವರ್ಮ್) ಆರಾಮಾಗಿ ಲದ್ದಿ ಹಾಕ್ಕೊಂಡು ಕೂತಿದೆ, ದುಡ್ಡು ದಂಡ ಆಯ್ತಾ ಅಂತ. ತಪ್ಪು ನಂದೇ ಕಣ್ರಪ್ಪ. ಮಟಮಟ ಮಧ್ಯಾಹ್ನ ಹೊಡೆದಿದ್ದೆ, ಬಿಸಿಲಿಗೆ ಬೀಜಕಣ ಉಳಿಯಲ್ಲ, ಅದೂ ಸಾಲ್ದು ಅಂತ ಹಿಂದಿನ ದಿನ ರೋಗದ ಔಷಧಿ ಹೊಡೆದಿದ್ದ ಕ್ಯಾನನ್ನೇ ಸರಿಯಾಗಿ ತೊಳೀದೆ ಬಳಸಿದ್ದೆ. ಶಿಲೀಂಧ್ರನಾಶಕದ ಕ್ಯಾನಲ್ಲಿ ಶಿಲೀಂಧ್ರ ಹಾಕಿದ್ರೆ ಇನ್ನೇನಾಗುತ್ತೆ!

ಈ ಸಲ ಬೇರೆ ಕ್ಯಾನ್, ಲೀಟರಿಗೆ 5 ಗ್ರಾಂ, ಸಂಜೆ 5ರ ಮೇಲೆ, ಮೋಡ ಇದ್ದ ದಿನ ನೋಡ್ಕೊಂಡು ನಾಜಲ್ ಸುಳಿಗೇ ಹಿಡಿದು ಹೊಡೆದೆ. ಮೂರು ದಿನ ಏನೂ ಇಲ್ಲ, ಮನೆಯವಳು ನಗ್ತಿದ್ಲು. ಇದು ಕೀಟನಾಶಕದ ಎಣ್ಣೆ ಥರ ತಕ್ಷಣ ಬೀಳ್ಸಲ್ಲ, ಬೀಜಕಣ ಹುಳದ ಚರ್ಮಕ್ಕೆ ಅಂಟಿ ಮೊಳಕೆ ಒಡೆದು ಒಳಗೆ ಹೋಗಿ ಬೆಳೀಬೇಕು, ಅದಕ್ಕೇ ತೇವಾನೂ ಬೇಕು ಟೈಮೂ ಬೇಕು. ಐದಾರು ದಿನಕ್ಕೆ ಹುಳ ಮಂಕಾಗಿ ಮೇವು ಬಿಟ್ವು, ಆಮೇಲೆ ಕಡ್ಡಿ ಥರ ಸೆಟೆದು ಮೈಮೇಲೆ ಬೆಳ್ಳಗೆ ಬೂಸ್ಟು, ಮತ್ತೆ ಹಸಿರು ಪುಡಿ.

ಪೂರ್ತಿ ಹೋಗಿಲ್ಲ, ಬಲಿತ ಹುಳ ಇನ್ನೂ ಅಲ್ಲಲ್ಲಿ ಇದಾವೆ, ಸಣ್ಣವಿದ್ದಾಗ್ಲೇ ಹೊಡೀಬೇಕಿತ್ತು. ಈ ಹುಳ ದೇಶದಲ್ಲಿ ಮೊದ್ಲು ಸಿಕ್ಕಿದ್ದೇ ನಮ್ಮ ಶಿವಮೊಗ್ಗ ಕಡೆ, 2018ರಲ್ಲಿ, ಏನ್ ಪುಣ್ಯಾನೋ. ಮುಂದಿನ ಸಲ ನೊಮುರಿಯಾ ಅನ್ನೋ ಇನ್ನೊಂದು ಶಿಲೀಂಧ್ರ ಹೊಡೆದು ನೋಡ್ತೀನಿ. ಸಂಜೆ ಹೊಡಿ ಅಂದಿದ್ದ ಅಣ್ಣಂಗೆ ಥ್ಯಾಂಕ್ಸ್.