ಹೊಡೆಯೋದು ಗುಂಡೋ, ಫೋಟೊನೋ?

ಅಮೆರಿಕದ ಕಾಡುಗಳಲ್ಲಿ ಓಡಾಡುತ್ತದೆಂದು ಕೆಲವರು ನಂಬುವ, ಮೈತುಂಬ ಕೂದಲಿನ ದೈತ್ಯ ವಾನರ ಬಿಗ್‌ಫೂಟ್ ಇದೆಯೋ ಇಲ್ಲವೋ ಎಂಬ ಪ್ರಶ್ನೆ ನಮ್ಮ ಗೌಡನ ಪಾಲಿಗೆ ಯಾವತ್ತೋ ಬಗೆಹರಿದುಹೋಗಿದೆ. ಇದೆ. ಈಗ ಅವನ ನಿದ್ದೆ ಕೆಡಿಸಿರುವುದು ಮುಂದಿನ ಪ್ರಶ್ನೆ: ಅದು ಎದುರಿಗೆ ಬಂದರೆ ಹೊಡೆಯಬೇಕಾದ್ದು ಗುಂಡೋ, ಫೋಟೊನೋ? ಅವನು ವಾರದ ಕೊನೆಗೆ ಕಾಡಿಗೆ ಹೋಗುವ ಗುಂಪು ಇದೇ ವಿಷಯಕ್ಕೆ ಎರಡು ಹೋಳಾಗಿ, ಒಂದೇ ಬೆಂಕಿಯ ಆಚೆ ಈಚೆ ಕೂತು ಬೇರೆ ಬೇರೆ ಪಾತ್ರೆಯಲ್ಲಿ ಕಾಫಿ ಕಾಯಿಸಿಕೊಂಡಿತಂತೆ.

ಈ ಶನಿವಾರ ಮಳೆ ಬಿಡಲಿಲ್ಲವಾಗಿ ಗೌಡ ಅಮೆರಿಕದ ವಾಷಿಂಗ್ಟನ್ ರಾಜ್ಯದ ರೆಡ್ಮಂಡ್‌ನಲ್ಲಿರುವ ಸೀನನ ಮನೆಗೆ ಬಂದು ವಕ್ಕರಿಸಿದ್ದ. ನಾನು ಹೇಗೂ ಅಲ್ಲೇ ಇದ್ದೆ. ಸೀನನ ಹೆಂಡತಿ ಶಾಲಿನಿ ಬಜ್ಜಿ ಕರಿಯುತ್ತಾಳೆ ಅಂದರೆ ನಾನು ಇರುತ್ತೇನೆ. ಅವಳ ಅಪ್ಪ ರಾಯರು ಆರು ತಿಂಗಳ ವೀಸಾದ ಮೇಲೆ ಬಂದಿದ್ದಾರೆ. ನಾಗರಹೊಳೆ ಕಡೆ ಕೆಲಸ ಮಾಡಿ ರೇಂಜ್ ಫಾರೆಸ್ಟ್ ಆಫೀಸರ್ ಆಗಿ ನಿವೃತ್ತರಾದವರು. ಮಗಳ ಮನೆಯಲ್ಲಿ ಅವರಿಗೆ ಸಿಕ್ಕಿರುವ ಹುದ್ದೆ ಎಂದರೆ ಎಣ್ಣೆ ಹೊಗೆಯಾಡಿದ ಕೂಡಲೇ ಸ್ಮೋಕ್ ಅಲಾರಂ ಕೆಳಗೆ ನಿಂತು ಟವೆಲ್ ಬೀಸುವುದು.

“ನಾನು ನೋ-ಕಿಲ್, ಅಂದ್ರೆ ಕೊಲ್ಲಬಾರದು ಅನ್ನೋರ ಕಡೆ,” ಅಂದ ಗೌಡ, ಜನಿವಾರ ತೋರಿಸುವವನ ಗತ್ತಿನಲ್ಲಿ. “ಆದ್ರೆ ಪ್ರೋ-ಕಿಲ್‌ನವರ ಮಾತನ್ನ ತೆಗೆದುಹಾಕೋ ಹಾಗಿಲ್ಲ ಕಣ್ರೋ. ಫೋಟೊ ತಂದ್ರೆ ನಕಲಿ ಅಂತಾರೆ, ಕೂದಲು ತಂದ್ರೆ ಕರಡೀದು ಅಂತಾರೆ. ಹೆಣ ತಂದು ಮೇಜಿನ ಮೇಲೆ ಮಲಗಿಸಿದ್ರೆ ಆಗ ವಿಜ್ಞಾನಿಗಳು ಬಾಯಿ ಮುಚ್ತಾರೆ. ಸರ್ಕಾರ ಕಾಡು ಉಳಿಸತ್ತೆ. ಒಂದನ್ನ ಕೊಂದ್ರೆ ಉಳಿದದ್ದೆಲ್ಲ ಬದುಕತ್ತೆ.”

“ಉಳಿದದ್ದು ಅಂತ ಇದ್ರೆ,” ಒಲೆ ಮುಂದಿನಿಂದ ಶಾಲಿನಿ.

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋದು ಗೊತ್ತಿತ್ತು,” ರಾಯರು ಟವೆಲ್ ಇಳಿಸಿದರು. “ಹುಟ್ಟೋಕೆ ಮುಂಚೆ ಹೆಣ ಹೊರೋರನ್ನ ಈಗ ನೋಡ್ತಾ ಇದೀನಿ.”

ಈ ಪ್ರೋ-ಕಿಲ್ ಪಂಥಕ್ಕೆ ಒಬ್ಬ ಮೂಲಪುರುಷನೂ ಇದ್ದಾನೆ. ಇದೇ ರಾಜ್ಯದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮಾನವಶಾಸ್ತ್ರ ಕಲಿಸುತ್ತಿದ್ದ ಗ್ರೋವರ್ ಕ್ರಾಂಟ್ಸ್. ಮೇಷ್ಟರುಗಳ ಪೈಕಿ ಬಿಗ್‌ಫೂಟ್ ಇದೆ ಎಂದು ಬಹಿರಂಗವಾಗಿ ಹೇಳಿ ಸಹೋದ್ಯೋಗಿಗಳಿಂದ ನಗಿಸಿಕೊಂಡವನು. ರಾತ್ರಿ ಹೊತ್ತು ಬಂದೂಕು ಇಟ್ಟುಕೊಂಡು ಕಾಡುದಾರಿಯಲ್ಲಿ ಕಾರು ಓಡಿಸುತ್ತಿದ್ದ. ಒಂದು ಹೆಣ, ಒಂದೇ ಒಂದು ಹೆಣ ಬೇಕು ಅನ್ನುವುದು ಅವನ ಜೀವಮಾನದ ಹಟ. 2002ರಲ್ಲಿ ತೀರಿಕೊಂಡಾಗ ವಿಜ್ಞಾನಕ್ಕೆ ಅವನು ಕೊಟ್ಟ ಹೆಣ ಅವನದೇ. ವಾಷಿಂಗ್ಟನ್ ಡಿ.ಸಿ.ಯ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿಗೆ ಮೂಳೆ ಬರೆದುಕೊಟ್ಟ, ನನ್ನ ನಾಯಿಯನ್ನೂ ಜೊತೆಗಿಡಿ ಎಂಬ ಷರತ್ತಿನೊಂದಿಗೆ. 2009ರಲ್ಲಿ ಅವನ ಅಸ್ಥಿಪಂಜರವನ್ನೂ ಕ್ಲೈಡ್ ಎಂಬ ಆ ಐರಿಷ್ ವುಲ್ಫ್‌ಹೌಂಡಿನ ಅಸ್ಥಿಪಂಜರವನ್ನೂ ತಬ್ಬಿಕೊಂಡ ಭಂಗಿಯಲ್ಲೇ ಪ್ರದರ್ಶನಕ್ಕಿಟ್ಟರು. ನನಗೆ ಬಿಗ್‌ಫೂಟ್ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ, ಈ ಮನುಷ್ಯನ ಮೇಲೆ ಮಾತ್ರ ಏನೋ ಪ್ರೀತಿ.

“ಕೊಂದ್ರೆ ಕೇಸಾಗಲ್ವೇನೋ?” ಸೀನ ಕೇಳಿದ. ಅವನು ಒಂದು ವಿಮೆ ಕಂಪನಿಗೆ ಸಾಫ್ಟ್‌ವೇರ್ ಬರೆಯುವವನು. ಕಲಮು, ಉಪಕಲಮು ಅಂದರೆ ಅವನಿಗೆ ಬಾಯಲ್ಲಿ ನೀರೂರುತ್ತದೆ.

ಗೌಡ ಇದಕ್ಕೇ ಕಾಯುತ್ತಿದ್ದ. ಇಲ್ಲಿಂದ ದಕ್ಷಿಣಕ್ಕಿರುವ ಸ್ಕಮೇನಿಯಾ ಕೌಂಟಿಯಲ್ಲಿ 1969ರಲ್ಲೇ ಕಾನೂನು ಆಗಿದೆ. ಬಿಗ್‌ಫೂಟ್ ಕೊಂದರೆ 10,000 ಡಾಲರ್‌ವರೆಗೆ ದಂಡ, 5 ವರ್ಷದವರೆಗೆ ಜೈಲು. ಜಾರಿ ಮಾಡಿದ ತಾರೀಕು ಏಪ್ರಿಲ್ 1.

“ಏಪ್ರಿಲ್ ಒಂದಾ?”

“ನಗಬೇಡ. 1984ರಲ್ಲಿ ತಿದ್ದುಪಡಿನೂ ಮಾಡಿದಾರೆ, ಶಿಕ್ಷೆ ಇಳಿಸಿದಾರೆ. ಅದರಲ್ಲಿ ಇನ್ನೊಂದು ವಿಷಯ ಇದೆ. ಸತ್ತದ್ದು ಮನುಷ್ಯ ಜಾತಿನೋ ಕೋತಿ ಜಾತಿನೋ ಅಂತ ಕೊರೋನರ್, ಅಂದ್ರೆ ಸಾವಿನ ತನಿಖೆ ಮಾಡೋ ಅಧಿಕಾರಿ, ನೋಡಿ ಹೇಳಬೇಕು. ಕೋತಿ ಅಂದ್ರೆ ಈ ಕಾನೂನು. ಮನುಷ್ಯ ಅಂದ್ರೆ ಸೀದಾ ಕೊಲೆ ಕೇಸು.”

ಸೀನ ಫೋನ್ ತೆಗೆದು ಆ ಕಾನೂನನ್ನೇ ಹುಡುಕಿ ಓದತೊಡಗಿದ. ಸ್ವಲ್ಪ ಹೊತ್ತಿಗೆ ಅವನಿಗೆ ನಗು ತಡೆಯಲಾಗಲಿಲ್ಲ. “ಕೇಳ್ರೋ ಇಲ್ಲಿ. ಆರೋಪಿ ‘ನಂಗೆ ಬುದ್ಧಿಭ್ರಮಣೆ ಆಗಿತ್ತು ಸ್ವಾಮಿ’ ಅಂತ ವಾದ ಮಾಡೋ ಹಾಗಿಲ್ವಂತೆ. ಮೊದಲೇ ಬಾಗಿಲು ಹಾಕ್ಬಿಟ್ಟಿದಾರೆ!”

“ಸರಿಯಾಗೇ ಮಾಡಿದಾರೆ,” ಅಂದಳು ಶಾಲಿನಿ. “ಇಲ್ದಿದ್ರೆ ಎಲ್ಲರೂ ಬಿಡುಗಡೆ ಆಗ್ತಿದ್ರು.”

ಅದರಾಚೆ ಮಾತು ಹೆಜ್ಜೆ ಗುರುತಿಗೆ ಹೊರಳಿತು. ಹೊರಳಲೇಬೇಕು, ಇಡೀ ವ್ಯವಹಾರ ನಿಂತಿರುವುದೇ ಆ ಕಾಲಿನ ಮೇಲೆ. 1958ರಲ್ಲಿ ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್ ಎಂಬಲ್ಲಿ ಕಾಡುರಸ್ತೆ ಮಾಡುತ್ತಿದ್ದ ಜೆರ್ರಿ ಕ್ರೂ ಎಂಬ ಬುಲ್ಡೋಜರ್ ಚಾಲಕ 16 ಇಂಚಿನ ಹೆಜ್ಜೆಗಳನ್ನು ಕಂಡು ಅಚ್ಚು ತೆಗೆದ. ಪತ್ರಿಕೆಯಲ್ಲಿ ಫೋಟೊ ಬಂತು, ‘ಬಿಗ್‌ಫೂಟ್’ ಎಂಬ ಹೆಸರು ಊರೆಲ್ಲ ಹಬ್ಬಿತು. ಆ ರಸ್ತೆಯ ಕಂತ್ರಾಟುದಾರ ರೇ ವಾಲೇಸ್ 2002ರಲ್ಲಿ ತೀರಿಕೊಂಡ ಮೇಲೆ ಮನೆಯವರು ಮರದಲ್ಲಿ ಕೆತ್ತಿದ ದೊಡ್ಡ ಪಾದಗಳನ್ನು ಹೊರಗೆ ತಂದು, ನಮ್ಮಪ್ಪನ ತಮಾಷೆ ಇದು ಅಂದರು.

“ಅಲ್ಲಿಗೆ ಮುಗೀತಲ್ಲ?” ಅಂದೆ ನಾನು.

ಗೌಡ ನನ್ನನ್ನು ಕನಿಕರದಿಂದ ನೋಡಿದ. “ಹ್ಯಾಗೆ ಮುಗಿಯತ್ತೆ? ಆ ಮರದ ಪಾದಕ್ಕೂ ಕ್ರೂ ತೆಗೆದ ಅಚ್ಚಿಗೂ ತಾಳೆ ಆಗಲ್ಲ ಅನ್ನೋರು ಒಂದು ಕಡೆ. ವಾಲೇಸ್‌ದು ನಕಲಿ, ಬೇರೆಯವೆಲ್ಲ ಅಸಲಿ ಅನ್ನೋರು ಒಂದು ಕಡೆ. ಅಸಲಿ ಪಾದ ನೋಡಿಲ್ದೆ ವಾಲೇಸ್ ಆ ತರ ಕೆತ್ತೋದು ಸಾಧ್ಯಾನೇ ಇಲ್ಲ ಅಂದವನೂ ನಮ್ಮ ಗುಂಪಲ್ಲಿದಾನೆ.”

ರಾಯರು ಕುರ್ಚಿ ಎಳೆದುಕೊಂಡು ಕೂತರು. ಅಲಾರಂ ಕೂಗಿದರೆ ಕೂಗಲಿ ಎಂಬ ನಿರ್ಧಾರ ಮುಖದಲ್ಲಿತ್ತು.

“ನೋಡೋ ಮಾರಾಯ, ನನ್ನ ಅರ್ಧ ಸರ್ವೀಸು ಹೆಜ್ಜೆ ಗುರುತಲ್ಲೇ ಕಳೆದಿದೆ. ಹುಲಿ ಗಣತಿ ಅಂದ್ರೆ ಆಗ ಅದೇ. ಗುರುತಿನ ಮೇಲೆ ಗಾಜಿಟ್ಟು ಗೆರೆ ಎಳೆಯೋದು, ಒಳ್ಳೇದು ಸಿಕ್ಕಿದ್ರೆ ಪ್ಲಾಸ್ಟರ್ ಹೊಯ್ಯೋದು. ಒಂದೇ ಹುಲಿ ಹೊಳೆ ಪಕ್ಕದ ಕೆಸರಲ್ಲಿ ನಡೆದ್ರೆ ಇಷ್ಟಗಲ ಪಾದ, ಜೀಪ್ ದಾರಿ ಧೂಳಲ್ಲಿ ನಡೆದ್ರೆ ಇಷ್ಟೇ. ನಡೆಯುವಾಗ ಕೆಲವು ಸಲ ಹಿಂದಿನ ಕಾಲು ಮುಂದಿನ ಕಾಲಿನ ಗುರುತಿನ ಮೇಲೆ ಬಿದ್ದು ರಾಕ್ಷಸನ ಹೆಜ್ಜೆ ಆಗ್ತಿತ್ತು. ಈ ಬೀಟಿನ ಗಾರ್ಡು ಒಂದು ಹುಲಿ ಬರೀತಿದ್ದ, ಪಕ್ಕದ ಬೀಟಿನವನು ಅದನ್ನೇ ಇನ್ನೊಂದು ಅಂತ ಬರೀತಿದ್ದ.”

“ಸುಳ್ಳು ಲೆಕ್ಕಾನಾ ಅಂಕಲ್?”

“ಸುಳ್ಳಲ್ಲ. ಹುಲಿ ಇರ್ಲಿ ಅಂತ ಆಸೆ. ಎಲ್ಲರಿಗೂ ಇತ್ತು, ನನಗೂ ಇತ್ತು. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ವು, 2005ರಲ್ಲಿ ಕಾಡಲ್ಲಿ ಹುಡುಕಿದ್ರೆ ಒಂದೂ ಇರ್ಲಿಲ್ಲ. ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ನಮ್ಮ ನಾಗರಹೊಳೆಯಲ್ಲಿ 90ರ ದಶಕದಲ್ಲೇ ಮರಕ್ಕೆ ಕ್ಯಾಮೆರಾ ಕಟ್ಟಿ, ಮೈಮೇಲಿನ ಪಟ್ಟೆ ನೋಡಿ ಇದು ಬೇರೆ, ಅದು ಬೇರೆ ಅಂತ ಗುರುತಿಸ್ತಿದ್ರು. ಹುಲಿಯಂಥ ಹುಲಿ, ಹೆಜ್ಜೆ ಸದ್ದಿಲ್ಲದೆ ನಡೆಯೋ ಪ್ರಾಣಿ, ಅದೇ ಬಂದು ಕ್ಯಾಮೆರಾ ಮುಂದೆ ನಿಲ್ತಿತ್ತು. ನಿಮ್ಮ ಎಂಟಡಿ ಆಸಾಮಿಗೆ ಏನು ಸಂಕೋಚ?”

ಗೌಡ ತಡವರಿಸಲಿಲ್ಲ. ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕು ಅದಕ್ಕೆ ಕಾಣಿಸುತ್ತದಂತೆ. ಇದು ಒಂದು ಬಣದ ಉತ್ತರ. ಇನ್ನೊಂದು ಬಣದ ಉತ್ತರ ಕೇಳಿದರೆ ಮೊದಲಿನದೇ ಶುದ್ಧ ವಿಜ್ಞಾನ ಅನ್ನಿಸೀತು. ಆ ಬಣದವರನ್ನು ಉಳಿದವರು ‘ವೂ’, ಅಂದರೆ ಮಂತ್ರತಂತ್ರದ ಮಂದಿ, ಎಂದು ಹೀಗಳೆಯುತ್ತಾರೆ. ಇವರ ಪ್ರಕಾರ ಬಿಗ್‌ಫೂಟ್ ನಮ್ಮ ಲೋಕದ್ದೇ ಅಲ್ಲ. ಬೇರೆ ಆಯಾಮದಿಂದ ಬಾಗಿಲು ತೆರೆದುಕೊಂಡು ಬರುತ್ತದೆ, ಕೆಲಸ ಮುಗಿದ ಮೇಲೆ ಮುಚ್ಚಿಕೊಂಡು ಹೋಗುತ್ತದೆ. ಬರುವಾಗ ಕಾಡಿನಲ್ಲಿ ಬೆಳಕಿನ ಉಂಡೆಗಳು ತೇಲುತ್ತವೆ. ಬೇಕೆನಿಸಿದರೆ ನಿಮ್ಮ ತಲೆಯೊಳಗೇ ಮಾತಾಡುತ್ತದೆ. 1973ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹಾರುವ ತಟ್ಟೆಯೂ ಬಿಗ್‌ಫೂಟೂ ಒಟ್ಟೊಟ್ಟಿಗೆ ಕಂಡವೆಂಬ ವರದಿಗಳೇ ಇವರಿಗೆ ಆಧಾರ.

“ಒಪ್ಪಲೇಬೇಕಾದ ಮಾತು ಒಂದಿದೆ,” ಅಂದ ಸೀನ. “ಮೂಳೆ ಯಾಕೆ ಸಿಕ್ಕಿಲ್ಲ, ಹೆಣ ಯಾಕೆ ಸಿಕ್ಕಿಲ್ಲ, ಲಾರಿಗೆ ಯಾಕೆ ಒಂದೂ ಸಿಕ್ಕಿಲ್ಲ, ಎಲ್ಲದಕ್ಕೂ ಒಂದೇ ಉತ್ತರ. ಬಾಗಿಲು ಮುಚ್ಕೊಂಡು ಹೋಯ್ತು.”

ಗೌಡನಿಗೆ ಇದು ಹಿಡಿಸಲಿಲ್ಲ. ಬಿಗ್‌ಫೂಟ್ ಎಂದರೆ ರಕ್ತಮಾಂಸದ ವಾನರ ಎಂಬ ಬಣ ಅವನದು. ನಾವೆಲ್ಲ ಆಡಿಕೊಂಡು ನಕ್ಕಾಗ ಸುಮ್ಮನಿದ್ದವನು ‘ವೂ’ಗಳ ಹೆಸರೆತ್ತಿದ ಕೂಡಲೇ ಕೆಂಪಾದ. “ನೀವು ನಂಬದೋರು, ನಿಮ್ಮ ಮಾತು ಬಿಡಿ. ನಮ್ಮ ಮರ್ಯಾದೆ ತೆಗೆದದ್ದು ಅವರು! ಆಪಲ್ಲು, ಪೀನಟ್ ಬಟರ್ ಎಲ್ಲ ಕಲ್ಲಿನ ಮೇಲಿಟ್ಟು ಕೈಮುಗಿದು ಬರ್ತಾರೆ. ಗಿಫ್ಟಿಂಗ್ ಅಂತೆ.”

“ನೈವೇದ್ಯ ಅನ್ನು,” ಅಂದರು ರಾಯರು. “ಬೆಳಿಗ್ಗೆ ಹೊತ್ತಿಗೆ ಇರಲ್ಲ ತಾನೇ?”

“ಇರಲ್ಲ!”

“ರಾತ್ರಿ ಕದ್ದು ತಿನ್ನೋ ರಕೂನುಗಳಿಗೆ ಒಳ್ಳೇದಾಗಲಿ.”

ಹೊರಗಿನವರು ಇದನ್ನು ನಂಬುವವರಿಗೂ ನಂಬದವರಿಗೂ ನಡುವಿನ ಜಗಳ ಅಂದುಕೊಂಡಿದ್ದಾರೆ. ಶುದ್ಧ ತಪ್ಪು. ನಂಬದವರಿಗೆ ಇದರಲ್ಲಿ ಪಾತ್ರವೇ ಇಲ್ಲ, ನಾವು ಬಜ್ಜಿ ತಿನ್ನುವವರು ಅಷ್ಟೇ. ಗೌಡನೇ ಹೇಳಿದ ಕತೆ ಕೇಳಿ. ಬಿಗ್‌ಫೂಟ್‌ಗಳು ದೊಣ್ಣೆಯಿಂದ ಮರಕ್ಕೆ ಬಡಿದು ಒಂದಕ್ಕೊಂದು ಸನ್ನೆ ಕೊಡುತ್ತವೆ ಎಂಬುದು ಎಲ್ಲ ಬಣಗಳೂ ಒಪ್ಪುವ ಅಪರೂಪದ ಸಿದ್ಧಾಂತ. ಆದ್ದರಿಂದ ಹುಡುಕುವವರೂ ಬೇಸ್‌ಬಾಲ್ ಬ್ಯಾಟ್ ಒಯ್ದು ಮರಕ್ಕೆ ಬಡಿಯುತ್ತಾರೆ. ಒಂದು ರಾತ್ರಿ ಇವರು ಟಕ್ ಎಂದು ಬಡಿದರೆ ಗುಡ್ಡದಾಚೆಯಿಂದ ಟಕ್ ಟಕ್ ಎಂದು ಉತ್ತರ ಬಂತು. ಮೈ ಜುಮ್ಮೆಂದಿತು, ಎಲ್ಲರೂ ಉಸಿರು ಬಿಗಿಹಿಡಿದು ರೆಕಾರ್ಡ್ ಮಾಡಿದರು. ಎರಡು ದಿನದ ಮೇಲೆ ಗೊತ್ತಾದದ್ದು, ಆಚೆ ಇದ್ದದ್ದು ಮುನಿಸಿಕೊಂಡು ಬೇರೆಯಾಗಿದ್ದ ಇವರದೇ ಗುಂಪಿನ ಇನ್ನೊಂದರ್ಧ. ಅವರೂ ಇವರ ಸದ್ದನ್ನು ರೆಕಾರ್ಡ್ ಮಾಡಿದ್ದರು. “ನಮ್ಮದಕ್ಕಿಂತ ಅವರ ರೆಕಾರ್ಡಿಂಗ್ ಚೆನ್ನಾಗಿ ಬಂದಿತ್ತು,” ಅಂದ ಗೌಡ, ಹೊಟ್ಟೆಕಿಚ್ಚಿನಿಂದ.

ಸಿನಿಮಾ ವಿಷಯ ಬರಲಿಲ್ಲವಲ್ಲ ಅನ್ನಬೇಡಿ, ಬಂತು. 1967ರ ಅಕ್ಟೋಬರ್ 20ರಂದು ಅದೇ ಬ್ಲಫ್ ಕ್ರೀಕ್‌ನಲ್ಲಿ ರೋಜರ್ ಪ್ಯಾಟರ್ಸನ್, ಬಾಬ್ ಗಿಮ್ಲಿನ್ ಇಬ್ಬರೂ ಕುದುರೆ ಮೇಲೆ ಹೋಗುವಾಗ ತೆಗೆದ, ಒಂದು ನಿಮಿಷಕ್ಕೂ ಕಡಿಮೆಯ ಚಿತ್ರ. ತಿರುಗಿ ನೋಡುತ್ತಾ ನಡೆದುಹೋಗುವ ಆ ಹೆಣ್ಣು ಬಿಗ್‌ಫೂಟಿಗೆ ಇವರು ಇಟ್ಟಿರುವ ಮುದ್ದಿನ ಹೆಸರು ಪ್ಯಾಟಿ. ಕ್ಯಾಮೆರಾ ಸೆಕೆಂಡಿಗೆ 16 ಫ್ರೇಮಿಗೆ ಓಡುತ್ತಿತ್ತೋ, 24ಕ್ಕೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಒಂದು ಲೆಕ್ಕಕ್ಕೆ ಮನುಷ್ಯನ ನಡಿಗೆ, ಇನ್ನೊಂದು ಲೆಕ್ಕಕ್ಕೆ ಅಲ್ಲ. ವೇಷ ಹಾಕಿದ್ದು ನಾನೇ ಎಂದು 2004ರಲ್ಲಿ ಬಾಬ್ ಹೈರೋನಿಮಸ್ ಎಂಬಾತ ಹೇಳಿದ. ನಂಬುವವರು ಅವನನ್ನು ಕೇಳಿದಷ್ಟು ಪಾಟೀಸವಾಲನ್ನು ಪ್ಯಾಟಿಯನ್ನು ಯಾವತ್ತೂ ಕೇಳಿಲ್ಲ.

ಶಾಲಿನಿ ಒಲೆ ಆರಿಸಿ ಬಂದಳು. ಅವಳು ಲ್ಯಾಬಿನಲ್ಲಿ ಡಿಎನ್‌ಎ ಓದುವವಳು, ಅಲ್ಲಿಯವರೆಗೂ ತಡೆದುಕೊಂಡದ್ದೇ ಹೆಚ್ಚು. “2013ರಲ್ಲಿ ಟೆಕ್ಸಾಸಿನ ಒಬ್ಬ ವೆಟರ್ನರಿ ಡಾಕ್ಟರು ಬಿಗ್‌ಫೂಟ್ ಡಿಎನ್‌ಎ ಸಿಕ್ತು ಅಂತ ಪ್ರಕಟಿಸಿದ್ರು. ಎಲ್ಲಿ ಗೊತ್ತಾ? ಆಕೆ ತಾನೇ ಕೊಂಡ್ಕೊಂಡ ಜರ್ನಲ್ಲಲ್ಲಿ. ಮೊದಲ ಸಂಚಿಕೆ, ಅದರಲ್ಲಿ ಇದೊಂದೇ ಲೇಖನ. ಮಾರನೇ ವರ್ಷ ಆಕ್ಸ್‌ಫರ್ಡ್‌ನ ಬ್ರಯಾನ್ ಸೈಕ್ಸ್ ಜಗತ್ತಿನ ಎಲ್ಲ ಕಡೆಯಿಂದ ಕೂದಲು ತರಿಸಿ ನೋಡಿದ್ರು. ಕರಡಿ, ಕುದುರೆ, ಹಸು, ರಕೂನ್, ಮುಳ್ಳುಹಂದಿ. ಒಂದು ಮನುಷ್ಯಂದು.”

“ಎಫ್‌ಬಿಐ ಕೂಡ ನೋಡಿದೆ,” ಗೌಡನೇ ಸೇರಿಸಿದ. ತನ್ನ ಕಡೆಗೆ ಎಫ್‌ಬಿಐ ಇದೆ ಎಂಬ ಹೆಮ್ಮೆಯಲ್ಲಿ ಫಲಿತಾಂಶ ಮರೆತಿದ್ದ.

“ಏನಂದ್ರು?”

“...ಜಿಂಕೆ.”

ಆದರೆ ಗೌಡನ ಕೊನೆಯ ಬಾಣ ಬಾಕಿಯಿತ್ತು, ಸ್ಕೂಕಮ್ ಅಚ್ಚು. 2000ದಲ್ಲಿ ಇದೇ ರಾಜ್ಯದ ಗಿಫರ್ಡ್ ಪಿಂಚೊ ಕಾಡಿನಲ್ಲಿ ರಾತ್ರಿ ಕೆಸರಿನ ನಡುವೆ ಹಣ್ಣು ಇಟ್ಟರು. ಬೆಳಿಗ್ಗೆ ನೋಡಿದರೆ ಹಣ್ಣಿಲ್ಲ, ಕೆಸರಿನಲ್ಲಿ ಯಾವುದೋ ದೊಡ್ಡ ಪ್ರಾಣಿ ಮಗ್ಗುಲಾಗಿ ಮಲಗಿದ ಗುರುತು. ಹೆಜ್ಜೆ ಮೂಡಬಾರದೆಂದು ಬಿಗ್‌ಫೂಟ್ ಅಂಚಿನಲ್ಲೇ ಮಲಗಿ ಕೈಚಾಚಿ ಹಣ್ಣು ತೆಗೆದುಕೊಂಡಿತು ಎಂದು ವ್ಯಾಖ್ಯಾನ. ತೋಳು, ತೊಡೆ, ಪೃಷ್ಠ, ಹಿಮ್ಮಡಿ ಎಲ್ಲವನ್ನೂ ಗುರುತಿಸಿದ್ದಾರೆ. ಗೌಡ ಫೋನಿನಲ್ಲಿ ಫೋಟೊ ತೆಗೆದು ರಾಯರ ಕೈಗೆ ಕೊಟ್ಟ.

ರಾಯರು ಕನ್ನಡಕ ಹಣೆಗೇರಿಸಿ, ಫೋನನ್ನು ಆಚೆ ತಿರುಗಿಸಿ ಈಚೆ ತಿರುಗಿಸಿ ನೋಡಿದರು. “ಇಲ್ಲಿ ಕಡವೆ ಉಂಟೇನೋ?”

“ಎಲ್ಕ್ ಇದೆ ಅಂಕಲ್. ಕಡವೆಗಿಂತ ದೊಡ್ಡದು.”

“ಹಾಗಾದ್ರೆ ಇದು ಅದು. ಇಲ್ಲಿ ಮಂಡಿ ಊರಿದೆ, ಇದು ಎದೆ, ಏಳುವಾಗ ಗೊರಸು ಹೀಗೆ ಒತ್ತಿದೆ. ನೀನು ಹಿಮ್ಮಡಿ ಅಂತಿದೀಯಲ್ಲ, ಅದು ಮುಂಗಾಲಿನ ಗಿಣ್ಣು. ಕಡವೆ ಮಲಗಿದ ಜಾಗ ನಾನು ನೋಡದೆ ಇದ್ದೀನಾ?”

ಗೌಡನ ಮುಖ ಬಾಡೀತು ಎಂದು ನಾನು ಕಾದೆ. ಬಾಡಲಿಲ್ಲ, ಅರಳಿತು. “ಅಂಕಲ್, ನಮ್ಮ ಗುಂಪಲ್ಲಿ ಇದು ಎಲ್ಕ್ ಅನ್ನೋ ಬಣಕ್ಕೆ ನಾಯಕನೇ ಇಲ್ಲ. ಮುಂದಿನ ವಾರ ಸ್ಕಮೇನಿಯಾಗೆ ಬರ್ತೀರಾ?”

“ಬರಲೇನೇ?” ರಾಯರು ಮಗಳನ್ನು ಕೇಳಿದರು. ಟವೆಲ್ ಆಗಲೇ ಕುರ್ಚಿಯ ಬೆನ್ನಿಗೆ ಹೋಗಿತ್ತು.

“ತಡೀರಿ,” ಅಂದ ಸೀನ. ಅತ್ತೆ ಮಾವನಿಗೆ ಮಾಡಿಸಿದ ವಿಸಿಟರ್ ಇನ್ಶೂರೆನ್ಸ್ ಪತ್ರ ಫೋನಿನಲ್ಲಿ ತೆರೆದುಕೊಂಡಿದ್ದ. “ಕಾಡುಪ್ರಾಣಿ ಕಚ್ಚಿದ್ರೆ ಕವರ್ ಆಗತ್ತೆ. ಮನುಷ್ಯ ಹೊಡೆದ್ರೆ ಪೊಲೀಸ್ ರಿಪೋರ್ಟ್ ಬೇಕು.”

“ಹಾಗಾದ್ರೆ ಆ ಕೊರೋನರ್ ಬಂದು ಇದು ಕೋತಿ ಅಂತ ಹೇಳೋ ತನಕ ನಾನು ಆಸ್ಪತ್ರೆ ಬಾಗಿಲಲ್ಲೇ ಕೂತಿರಬೇಕೇನಯ್ಯ?”

“ಕೊರೋನರ್ ಬರೋದು ಸತ್ತ ಮೇಲೆ, ಮಾವ.”

“ಯಾರು ಸತ್ತ ಮೇಲೆ?”

ಸೀನ ಇನ್ನೊಂದು ಸಲ ಮೊದಲಿನಿಂದ ಓದತೊಡಗಿದ. ಗೌಡ ಅಷ್ಟರಲ್ಲಿ ರಾಯರ ಹೆಸರನ್ನು ಪಟ್ಟಿಗೆ ಸೇರಿಸಿ, ನೋ-ಕಿಲ್ ಕಾಲಮ್ಮಿನಲ್ಲಿ ಟಿಕ್ ಹಾಕಿಯಾಗಿತ್ತು.