ಅಪ್‌ಡೇಟ್: ಬೂಟ್ಸ್ ಬಿಟ್ಟು ಟ್ರೇಲ್ ಶೂ ತಗೊಂಡೆ

ಮಂಗಳೂರಿನಿಂದ ಹೋಗಿಬರುವ ಚಾರಣಗಳಿಗೆ ಪಾದದ ಗಂಟು ಮುಚ್ಚುವ ಬೂಟ್ಸಾ, ಕಾಡುದಾರಿಗೆ ಅಂತ ಮಾಡಿದ ಹಗುರ ಟ್ರೇಲ್ ಶೂನಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಟ್ರೇಲ್ ಶೂ ತಗೊಂಡೆ. ಹೆಬ್ರಿ ಕಡೆಯ ಕೂಡ್ಲು ತೀರ್ಥ ಜಲಪಾತಕ್ಕೆ ಹೋದಾಗ ಹಳ್ಳ ದಾಟಬೇಕಾಯ್ತು. ಒಳಗೆ ಹೋದ ನೀರು ಶೂವಿನ ಜಾಲರಿ ಬಟ್ಟೆಯಿಂದ ಹೊರಗೆ ಬಂತು, ನಡೆಯುತ್ತಲೇ ಅರ್ಧ ಒಣಗಿತು. ಜೊತೆಗಿದ್ದವನ ವಾಟರ್‌ಪ್ರೂಫ್ ಬೂಟ್ಸಿಗೆ ಮೇಲಿನಿಂದ ನೀರು ನುಗ್ಗಿ, ಸಂಜೆವರೆಗೂ ಪಚಪಚ! ಬೆಳ್ತಂಗಡಿ ಹತ್ತಿರದ ಬಂಡೆಗುಡ್ಡ ಗಡಾಯಿಕಲ್ಲಿನ ಮೆಟ್ಟಿಲಿಗೂ ಹಗುರ ಶೂ ಹಾಯಾಗಿತ್ತು. ಪಾಚಿ ಕಟ್ಟಿದ ಕಲ್ಲಲ್ಲಿ ಮಾತ್ರ ಎರಡೂ ಜಾರುತ್ತವೆ. ಉಂಬಳವಂತೂ (ರಕ್ತ ಹೀರುವ ಜಿಗಣೆ) ಯಾವುದನ್ನೂ ಬಿಡಲ್ಲ, ಉದ್ದ ಸಾಕ್ಸ್ ಬೇಕೇ ಬೇಕು.

1712 ಮೀಟರ್ ಎತ್ತರದ ಕುಮಾರ ಪರ್ವತಕ್ಕೆ ಭಾರದ ಬ್ಯಾಗ್ ಹೊತ್ತು ಹೋಗುವುದಾದರೆ ನಾನೂ ಬೂಟ್ಸೇ ಹಾಕುತ್ತೇನೆ. ಇಳಿಜಾರಿನಲ್ಲಿ ಪಾದದ ಗಂಟು ಉಳುಕುವ ಭಯ. ಯಾವುದೇ ಆಗಲಿ, ಸಂಜೆ ಹೊತ್ತು ಅಂಗಡಿಗೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಬೆರಳ ಮುಂದೆ ಜಾಗ ಇರಲಿ.